ಟೈರಿಗೆ ಗಾಳಿ ತುಂಬಿದ ದನದ ಡಾಕ್ಟರು

ರೇಸ್ ಕಾರಿನ ಟೈರು ಓಡುವಾಗ ಎಷ್ಟು ಅಮುಕುತ್ತದೆ, ತಿರುವಿನಲ್ಲಿ ಎಷ್ಟು ಸೊಟ್ಟಗಾಗುತ್ತದೆ ಎಂದು ಈಗ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಆಮೇಲೆ ತಿರುಗುವ ದೊಡ್ಡ ಉಕ್ಕಿನ ಉರುಳೆಗೆ ಟೈರನ್ನು ಒತ್ತಿ ಹಿಡಿದು ಓಡಿಸಿ ನೋಡುತ್ತಾರೆ. ಇಂಥದೇ ಪರೀಕ್ಷೆಯನ್ನು 1887ರಲ್ಲಿ ಒಬ್ಬ ದನದ ಡಾಕ್ಟರು ಅಂಗಳದಲ್ಲೇ ಮಾಡಿದ್ರು. ಅವರೇ ಜಾನ್ ಬಾಯ್ಡ್ ಡನ್‌ಲಪ್.

ಇವರು 1840ನೇ ಇಸವಿ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗಾರ್ನ್ ಎಂಬ ಹಳ್ಳಿಯಲ್ಲಿ ರೈತರ ಮನೆಯಲ್ಲಿ ಜನಿಸಿದರು. ಎಡಿನ್‌ಬರೋದಲ್ಲಿ ಪಶುವೈದ್ಯ ಓದಿ, ಮುಂದೆ ಐರ್ಲೆಂಡಿನ ಬೆಲ್‌ಫಾಸ್ಟ್ ಪಟ್ಟಣದಲ್ಲಿ ನೆಲೆಸಿದರು.

ಅವರ ಮಗನಿಗೆ ಮೂರು ಗಾಲಿಯ ಸೈಕಲ್ ಇತ್ತು. ಅದರ ಗಾಲಿಗೆ ಗಟ್ಟಿ ರಬ್ಬರ್. ಕಲ್ಲು ಹಾಸಿದ ಬೀದಿಯಲ್ಲಿ ತುಳಿದರೆ ಮೈಯೆಲ್ಲ ಗಡಗಡ! ಡನ್‌ಲಪ್ ತೆಳ್ಳನೆ ರಬ್ಬರ್ ಹಾಳೆಯಿಂದ ಕೊಳವೆ ಮಾಡಿ, ಮರದ ಗಾಲಿಗೆ ಸುತ್ತಿ, ಮೇಲೆ ಬಟ್ಟೆ ಬಿಗಿದು, ಫುಟ್‌ಬಾಲ್ ಪಂಪಿನಿಂದ ಗಾಳಿ ತುಂಬಿದರು. ಆಮೇಲೆ ಮಗನ ಸೈಕಲ್ಲಿನ ಗಾಲಿಯನ್ನೂ ಇದನ್ನೂ ಅಂಗಳದಲ್ಲಿ ಉರುಳಿಸಿದರು. ಗಟ್ಟಿ ಗಾಲಿ ಅಂಗಳ ದಾಟುವ ಮೊದಲೇ ಬಿದ್ದುಹೋಯಿತು. ಗಾಳಿಯ ಗಾಲಿ ಆ ಕೊನೆಯ ಗೇಟಿಗೆ ಹೋಗಿ ಬಡಿಯಿತು.

ಯಾಕೆ ಹೀಗೆ? ಗಟ್ಟಿ ಗಾಲಿ ಪ್ರತಿ ಕಲ್ಲಿಗೂ ಮೇಲೆ ಹಾರಿ ಇಳಿಯಬೇಕು, ಅದರಲ್ಲೇ ಅದರ ವೇಗ ಸೋರಿಹೋಗುತ್ತೆ. ಗಾಳಿ ಟೈರು ಕಲ್ಲು ಸಿಕ್ಕ ಕಡೆ ತಾನೇ ಒಳಗೆ ಅಮುಕಿಕೊಂಡು ಮತ್ತೆ ಉಬ್ಬುತ್ತೆ, ಗಾಲಿ ಮುಂದೆ ಹೋಗ್ತಾ ಇರುತ್ತೆ. ಆದರೆ ಜಾಸ್ತಿ ಅಮುಕಿದರೂ ತೊಂದರೆನೇ. ಗಾಳಿ ಕಮ್ಮಿಯಾದ ಸೈಕಲ್ ತುಳಿದವರಿಗೆ ಅದು ಗೊತ್ತು. ರೇಸ್ ಕಾರಿನಲ್ಲಂತೂ ಟೈರು ಬಿಸಿಯಾಗಿ ಸಿಡಿದೇ ಹೋಗಬಹುದು. ಅದಕ್ಕೇ ಅಷ್ಟೊಂದು ಪರೀಕ್ಷೆ.

1888ರಲ್ಲಿ ಡನ್‌ಲಪ್ ಅವರಿಗೆ ಪೇಟೆಂಟ್ ಸಿಕ್ಕಿತು. 1889ರ ಮೇ ತಿಂಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಈ ದಪ್ಪ ಟೈರಿನ ಸೈಕಲ್ ತಂದಾಗ ಬೆಲ್‌ಫಾಸ್ಟಿನ ಜನ ನಕ್ಕರು. ಹ್ಯೂಮ್ ರೇಸ್ ಗೆದ್ದುಬಿಟ್ಟ! ಅವನ ಕೈಲಿ ಸೋತ ಹುಡುಗರ ತಂದೆ ಹಾರ್ವೆ ಡು ಕ್ರೋ ಅವರೇ ಮುಂದೆ ಡನ್‌ಲಪ್ ಜೊತೆ ಸೇರಿ ಟೈರು ಕಂಪನಿ ಕಟ್ಟಿದರು.

ಆದರೆ ಎರಡು ವರ್ಷದ ಮೇಲೆ ಪೇಟೆಂಟ್ ನಡೆಯುವುದಿಲ್ಲ ಎಂದಾಯಿತು. ಸ್ಕಾಟ್ಲೆಂಡಿನವರೇ ಆದ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ಚಕ್ರಕ್ಕೆ ಪೇಟೆಂಟ್ ಪಡೆದು, ಲಂಡನ್ನಿನಲ್ಲಿ ಕುದುರೆ ಗಾಡಿಗೆ ಹಾಕಿ ಓಡಿಸಿದ್ದರು. ಆಗ ಸೈಕಲ್ಲೇ ಬಳಕೆಯಲ್ಲಿ ಇರಲಿಲ್ಲವಲ್ಲ, ಜನ ಅದನ್ನು ಮರೆತುಬಿಟ್ಟಿದ್ದರು. ಡನ್‌ಲಪ್ ಅವರಿಗೂ ಇದು ತಿಳಿದಿರಲಿಲ್ಲ. ನನಗೆ ಇಬ್ಬರ ಮೇಲೂ ಪಾಪ ಅನ್ನಿಸಿತು.

1895ರಲ್ಲಿ ಫ್ರಾನ್ಸಿನ ಮಿಶೆಲಿನ್ ಅಣ್ಣತಮ್ಮಂದಿರು ಪ್ಯಾರಿಸ್–ಬೋರ್ಡೋ ರೇಸಿಗೆ ಗಾಳಿ ಟೈರಿನ ಕಾರು ಇಳಿಸಿದರು. ದಾರಿಯುದ್ದಕ್ಕೂ ಪಂಕ್ಚರ್ ಆಗಿ ತುಂಬಾ ಹಿಂದೆ ಬಿದ್ದರು. ಅದೇ ವರ್ಷ ಡನ್‌ಲಪ್ ಕಂಪನಿ ಬಿಟ್ಟರು. ಮರುವರ್ಷ ಅದು 30 ಲಕ್ಷ ಪೌಂಡಿಗೆ ಮಾರಾಟವಾಯಿತು. ಅಷ್ಟು ದುಡ್ಡಿನಲ್ಲಿ ಅವರಿಗೆ ದೊಡ್ಡ ಪಾಲು ಬರಲಿಲ್ಲ.

1921ರ ಅಕ್ಟೋಬರ್ 23ರಂದು ಡಬ್ಲಿನ್‌ನಲ್ಲಿ ಅವರು ತೀರಿಕೊಂಡರು. 1959 ಮತ್ತು 1960ರಲ್ಲಿ ಜಾಕ್ ಬ್ರಾಬಂ ಕಾರ್ ರೇಸಿನ ವಿಶ್ವ ಚಾಂಪಿಯನ್ ಆದಾಗ ಅವರ ಕಾರಿಗೆ ಇದ್ದದ್ದು ಡನ್‌ಲಪ್ ಟೈರು.