ಎಸ್. ನಿಜಲಿಂಗಪ್ಪ

ಸಿದ್ಧವನಹಳ್ಳಿ ನಿಜಲಿಂಗಪ್ಪ (ಡಿಸೆಂಬರ್ 10, 1902 – ಆಗಸ್ಟ್ 8, 2000) ಸ್ವಾತಂತ್ರ್ಯ ಹೋರಾಟಗಾರರು, ಕರ್ನಾಟಕ ಏಕೀಕರಣದ ನೇತಾರರು ಹಾಗೂ ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ. ಟಿಬೆಟ್ ನಿರಾಶ್ರಿತರಿಗೆ ರಾಜ್ಯದಲ್ಲಿ ನೆಲೆ ದೊರಕಿಸಿದವರಲ್ಲಿಯೂ ಪ್ರಮುಖರು.

ಜೀವನ

ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹಲುವಾಗಲು ಗ್ರಾಮದಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ಶಿಕ್ಷಣ ಪಡೆದು ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ಕೈಗೊಂಡರು. ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು. 1956ರಿಂದ 1958ರವರೆಗೆ, ಬಾಗಲಕೋಟೆಯಿಂದ ಆಯ್ಕೆಯಾದ ನಂತರ ಮತ್ತೆ 1962ರಿಂದ 1968ರವರೆಗೆ ಮುಖ್ಯಮಂತ್ರಿಯಾಗಿದ್ದರು.

ನಿರಾಶ್ರಿತರ ಪುನರ್ವಸತಿ

1959ರಲ್ಲಿ ದಲೈ ಲಾಮಾ ಅವರೊಡನೆ ಹಾಗೂ ಅವರ ಹಿಂದೆಯೇ ಸಾವಿರಾರು ಟಿಬೆಟನ್ನರು ಭಾರತಕ್ಕೆ ಬಂದರು. ನಿರಾಶ್ರಿತರ ಸ್ಥಾನಮಾನ ಕುರಿತ 1951ರ ಜಿನೀವಾ ಒಡಂಬಡಿಕೆಗೆ ಭಾರತ ಅಂದೂ ಸಹಿ ಹಾಕಿರಲಿಲ್ಲ, ಇಂದಿಗೂ ಹಾಕಿಲ್ಲ. ಅಪಾಯವಿರುವ ನೆಲಕ್ಕೆ ಆಶ್ರಿತರನ್ನು ಮರಳಿ ಅಟ್ಟಬಾರದೆಂಬ ಅದರ ಮುಖ್ಯ ತತ್ತ್ವವನ್ನು ಮಾತ್ರ ಟಿಬೆಟನ್ನರ ವಿಷಯದಲ್ಲಿ ಪಾಲಿಸಲಾಯಿತು. ಪ್ರತ್ಯೇಕ ನಿರಾಶ್ರಿತರ ಕಾಯ್ದೆ ಇಲ್ಲದ ಕಾರಣ ಕಾನೂನಿನ ಕಣ್ಣಿನಲ್ಲಿ ಅವರು ವಿದೇಶಿಯರೇ. ನೋಂದಣಿ ಪತ್ರ ಪಡೆದು ಕಾಲಕಾಲಕ್ಕೆ ನವೀಕರಿಸಬೇಕಾಗಿತ್ತು. ಆದ್ದರಿಂದ ರಕ್ಷಣೆ ಎಂಬುದು ಕೇಂದ್ರದ ನೀತಿಯನ್ನೂ, ಭೂಮಿ ಕೊಡಬಲ್ಲ ರಾಜ್ಯ ಸರ್ಕಾರಗಳ ಮನಸ್ಸನ್ನೂ ಅವಲಂಬಿಸಿತ್ತು.

ನೆಹರೂ ಅವರ ಕೋರಿಕೆಗೆ ಅತ್ಯಂತ ಉದಾರವಾಗಿ ಸ್ಪಂದಿಸಿದ್ದು ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಗುತ್ತಿಗೆಗೆ ನೀಡಲಾಯಿತು. ಇದರ ಶ್ರೇಯವನ್ನು ಸಾಮಾನ್ಯವಾಗಿ ನಿಜಲಿಂಗಪ್ಪನವರಿಗೇ ಸಲ್ಲಿಸುವುದುಂಟು. ಆದರೆ 1960ರಲ್ಲಿ ಆ ಶಿಬಿರ ಆರಂಭವಾದಾಗ ಮುಖ್ಯಮಂತ್ರಿಯಾಗಿದ್ದವರು ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ. ಡಿ. ಜತ್ತಿ ಎಂಬುದನ್ನು ಮರೆಯುವಂತಿಲ್ಲ. ತಣ್ಣನೆಯ ಪ್ರಸ್ಥಭೂಮಿಯಿಂದ ಬಂದವರಿಗೆ ಇಲ್ಲಿನ ಸೆಕೆ, ರೋಗ ಮತ್ತು ಕಾಡಾನೆಗಳ ನಡುವೆ ಕಾಡು ಕಡಿದು ಜೋಳ ಬೆಳೆಯುವುದು ಸುಲಭವಾಗಿರಲಿಲ್ಲ.

ನಿಜಲಿಂಗಪ್ಪನವರ ಎರಡನೆಯ ಅವಧಿಯಲ್ಲಿ, 1966ರಲ್ಲಿ, ಉತ್ತರ ಕನ್ನಡದ ಮುಂಡಗೋಡದಲ್ಲಿ ಸುಮಾರು 4,000 ಎಕರೆಯಲ್ಲಿ ಮತ್ತೊಂದು ನೆಲೆ ಸ್ಥಾಪನೆಯಾಯಿತು. ಬೆಳಗಾವಿ, ನಿಪ್ಪಾಣಿ ಸೀಮೆಯ ಗಡಿ ವಿವಾದಕ್ಕಾಗಿ ಮಹಾಜನ ಆಯೋಗ ನೇಮಕವಾದ ವರ್ಷವೂ ಅದೇ. ಒಂದೆಡೆ ನಾಡಿನ ನೆಲಕ್ಕಾಗಿ ವಾದಿಸುತ್ತಲೇ ಇನ್ನೊಂದೆಡೆ ಪರದೇಶಿಗಳಿಗೆ ನೆಲ ಕೊಟ್ಟ ಸರ್ಕಾರವದು. ಪುನರ್ವಸತಿ ಕಾರ್ಯಕ್ಕೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ಮುಂದೆ ಹುಣಸೂರು ಮತ್ತು ಕೊಳ್ಳೇಗಾಲ ಪ್ರದೇಶಗಳಲ್ಲಿಯೂ ಶಿಬಿರಗಳು ತಲೆಯೆತ್ತಿದವು. ಸೆರಾ ಮಠ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಹಾಗೂ ಗಾಂಡೆನ್ ಮಠಗಳು ಮುಂಡಗೋಡದಲ್ಲಿ ಮರುಸ್ಥಾಪನೆಗೊಂಡವು. ಭೂಮಿ ಮಾತ್ರ ಗುತ್ತಿಗೆಯದೇ ಆಗಿದ್ದು, ಒಡೆತನ ನಿವಾಸಿಗಳಿಗೆ ಬರಲಿಲ್ಲ.

ನಂತರದ ವರ್ಷಗಳು

1968ರಲ್ಲಿ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾದರು. ಮರುವರ್ಷ ಪಕ್ಷ ಒಡೆದಾಗ ಇಂದಿರಾ ಗಾಂಧಿಯವರ ವಿರೋಧಿ ಬಣವನ್ನು ಮುನ್ನಡೆಸಿದರು. ಕೊನೆಯ ದಿನಗಳನ್ನು ಚಿತ್ರದುರ್ಗದಲ್ಲಿ ಕಳೆದರು. ಅಲ್ಲಿಗೆ ಸಮೀಪದ ಸೀಬಾರದಲ್ಲಿರುವ ಅವರ ಸ್ಮಾರಕವನ್ನು ಉದ್ಘಾಟಿಸಿದವರು ದಲೈ ಲಾಮಾ.