ಟ್ರಫಲ್ ಬೆಳೆಯಲು ಹೊರಟು ಬೇರಿನ ಗುಟ್ಟು ಕಂಡವನು

ಟ್ರಫಲ್ ಎಂಬುದು ಮಣ್ಣಿನೊಳಗೇ ಬೆಳೆಯುವ, ನಾಯಿ-ಹಂದಿಗಳ ಮೂಗನ್ನು ನಂಬಿ ಹುಡುಕುವ ದುಬಾರಿ ಅಣಬೆ. ಯುರೋಪಿನ ಸಿರಿವಂತರ ಊಟದಲ್ಲಿ ಮೆರೆಯುತ್ತಿದ್ದ ಇದನ್ನು ತನ್ನ ನೆಲದಲ್ಲೂ ಬೆಳೆಸಬೇಕೆಂಬ ಆಸೆ ಪ್ರಶ್ಯದ ಸರ್ಕಾರಕ್ಕೆ ಹುಟ್ಟಿತು. ಅದರ ಸಾಧ್ಯತೆ ಪರಿಶೀಲಿಸುವ ಹೊಣೆ ಬಿದ್ದದ್ದು ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಹೆಗಲಿಗೆ.

1839ರಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿ ಜನಿಸಿದ ಫ್ರಾಂಕ್, ಲೈಪ್‌ಜಿಗ್‌ನಲ್ಲಿ ಬೋಧಿಸಿ, 1881ರಲ್ಲಿ ಬರ್ಲಿನ್‌ನ ಕೃಷಿ ಕಾಲೇಜಿನ ಪ್ರಾಧ್ಯಾಪಕನಾದ. ಕಾಡಿನ ಮರಗಳ ಬೇರುಗಳನ್ನು ಪರೀಕ್ಷಿಸಿದಾಗ ಆತನಿಗೆ ಅನಿರೀಕ್ಷಿತ ನೋಟವೊಂದು ಕಂಡಿತು. ಓಕ್, ಬೀಚ್ ಮುಂತಾದ ಮರಗಳ ಎಳೆಬೇರುಗಳಿಗೆ ಶಿಲೀಂಧ್ರವು ಕವಚದಂತೆ ಸುತ್ತಿಕೊಂಡಿತ್ತು. ಆದರೂ ಮರಗಳು ಸೊಂಪಾಗಿದ್ದವು. ಇದು ರೋಗವಲ್ಲ, ಪರಸ್ಪರ ಪೋಷಣೆ ಎಂದು ಆತ ಸಾರಿದ. 1885ರಲ್ಲಿ ಈ ಜೋಡಿಗೆ ಮೈಕೊರೈಜಾ, ಅಂದರೆ ಶಿಲೀಂಧ್ರಬೇರು ಎಂದು ಹೆಸರಿಟ್ಟ.

ಬೇರಿಗಂಟಿದ ಶಿಲೀಂಧ್ರ ಮರಕ್ಕೆ ಶತ್ರುವೆಂದೇ ನಂಬಿದ್ದ ಹಲವು ಸಮಕಾಲೀನರು ಒಪ್ಪಲಿಲ್ಲ. ಫ್ರಾಂಕ್ ಎದೆಗುಂದಲಿಲ್ಲ. ಪೈನ್ ಸಸಿಗಳನ್ನು ಕಾಡಿನ ಮಣ್ಣಿನಲ್ಲೂ, ಕಾಯಿಸಿ ಶಿಲೀಂಧ್ರ ನಾಶಪಡಿಸಿದ ಮಣ್ಣಿನಲ್ಲೂ ಬೆಳೆಸಿ ತೋರಿಸಿದ. ಕಾಯಿಸಿದ ಮಣ್ಣಿನ ಸಸಿಗಳು ಸೊರಗಿದವು.

ಆದರೆ ಟ್ರಫಲ್ ಕೃಷಿ ಆತನ ಕೈಗೂಡಲಿಲ್ಲ. 1900ರಲ್ಲಿ ಫ್ರಾಂಕ್ ಬರ್ಲಿನ್‌ನಲ್ಲಿ ಕಣ್ಮುಚ್ಚಿದ. 1970ರ ದಶಕದಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳು ಸಸಿಗಳ ಬೇರಿಗೆ ಟ್ರಫಲ್ ಶಿಲೀಂಧ್ರವನ್ನು ಕೂಡಿಸಿ ನೆಟ್ಟು ಫಸಲು ಕಂಡರು. ಆತ ಗುರುತಿಸಿದ್ದ ಬೇರಿನ ನಂಟೇ ಅದಕ್ಕೆ ಬುನಾದಿ. ನಮ್ಮ ರೈತರು ಬಳಸುವ ಮೈಕೊರೈಜಾ ಜೈವಿಕ ಗೊಬ್ಬರವೂ ಆತನಿಟ್ಟ ಹೆಸರನ್ನೇ ಹೊತ್ತಿದೆ.