ನೆಲದ ಮೇಲೆ ಹಾರಾಟ ಕಲಿಸಿದ ಎಡ್ವಿನ್ ಲಿಂಕ್

ಮಕ್ಕಳೇ, ಸೈಕಲ್ ಕಲಿಯುವಾಗ ಒಂದೆರಡು ಸಲವಾದರೂ ಬಿದ್ದು ಮೊಣಕಾಲು ತರಚಿಕೊಳ್ಳದವರು ನಿಮ್ಮಲ್ಲಿ ಯಾರಿದ್ದಾರೆ? ಬಿದ್ದರೇನಂತೆ, ಎದ್ದು ಧೂಳು ಕೊಡವಿಕೊಂಡು ಮತ್ತೆ ಹತ್ತಬಹುದು. ಬೀಳುತ್ತಾ ಏಳುತ್ತಾ ಸೈಕಲ್ ಕಲಿಯುತ್ತೇವೆ. ಆದರೆ ವಿಮಾನ ನಡೆಸಲು ಕಲಿಯುವವರ ಪಾಡೇನು? ಆಕಾಶದಲ್ಲಿ ತಪ್ಪು ಮಾಡಿದರೆ ಅದನ್ನು ತಿದ್ದಿಕೊಳ್ಳಲು ಎರಡನೆಯ ಅವಕಾಶ ಸಿಗದೇ ಹೋಗಬಹುದು.

ಹಾಗಾದರೆ ನೆಲದ ಮೇಲೆಯೇ ಕುಳಿತು ಹಾರಾಟ ಕಲಿಯಲು ಸಾಧ್ಯವೇ? ಸಾಧ್ಯ ಎಂದು ತೋರಿಸಿಕೊಟ್ಟವರು ಅಮೆರಿಕದ ಎಡ್ವಿನ್ ಲಿಂಕ್. ಅವರು ಬಳಸಿದ ಸಾಮಗ್ರಿ ಏನು ಗೊತ್ತೇ? ಸಂಗೀತ ವಾದ್ಯದ ಬಿಡಿಭಾಗಗಳು!

ಪಿಯಾನೊ ಕಾರ್ಖಾನೆಯ ಹುಡುಗ

ಎಡ್ವಿನ್ ಲಿಂಕ್ ಹುಟ್ಟಿದ್ದು 1904ರ ಜುಲೈ 26ರಂದು, ಇಂಡಿಯಾನಾ ರಾಜ್ಯದ ಹಂಟಿಂಗ್ಟನ್ ಊರಿನಲ್ಲಿ. 1910ರಲ್ಲಿ ಅವರ ಕುಟುಂಬ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್‌ಗೆ ಬಂದು ನೆಲೆಸಿತು. ತಂದೆ ಅಲ್ಲಿ ಮುಚ್ಚಿಹೋಗುವ ಸ್ಥಿತಿಯಲ್ಲಿದ್ದ ಒಂದು ವಾದ್ಯದ ಕಾರ್ಖಾನೆಯನ್ನು ಕೊಂಡು, ಪಿಯಾನೊ ಮತ್ತು ಆರ್ಗನ್ ವಾದ್ಯಗಳನ್ನು ತಯಾರಿಸತೊಡಗಿದರು.

ಭಜನೆ ನಡೆಯುವ ಕಡೆ ಹಾರ್ಮೋನಿಯಂ ನೋಡಿದ್ದೀರಲ್ಲವೇ? ಒಂದು ಕೈಯಿಂದ ಅದರ ಹಿಂಭಾಗವನ್ನು ಒತ್ತುತ್ತಾ ಬಿಡುತ್ತಾ ಇರುತ್ತಾರೆ. ಅದೇ ತಿದಿ. ಕಮ್ಮಾರನ ಕುಲುಮೆಯಲ್ಲಿಯೂ ತಿದಿ ಇರುತ್ತದೆ. ಲಿಂಕ್ ಕಾರ್ಖಾನೆಯ ಪಿಯಾನೊಗಳಲ್ಲಿಯೂ ಸಣ್ಣ ಸಣ್ಣ ತಿದಿಗಳಿದ್ದವು. ಈ ಪಿಯಾನೊಗಳನ್ನು ನುಡಿಸಲು ವಾದಕನೇ ಬೇಕಿರಲಿಲ್ಲ. ರಂಧ್ರ ಕೊರೆದ ಕಾಗದದ ಸುರುಳಿಯೊಂದು ಯಂತ್ರದಲ್ಲಿ ಸರಿಯುತ್ತಿತ್ತು. ರಂಧ್ರ ಬಂದ ಕಡೆ ಗಾಳಿ ನುಸುಳುತ್ತಿತ್ತು, ಆಗ ಒಂದು ತಿದಿ ಮಡಚಿಕೊಂಡು ಅದಕ್ಕೆ ಸೇರಿದ ಸ್ವರವನ್ನು ನುಡಿಸುತ್ತಿತ್ತು. ಗಾಳಿಯ ಒತ್ತಡದಿಂದ ಬೇಕೆಂದ ಕೆಲಸ ಮಾಡಿಸುವ ಈ ವಿದ್ಯೆ ಎಡ್ವಿನ್‌ಗೆ ಚಿಕ್ಕಂದಿನಿಂದಲೇ ಕರಗತವಾಯಿತು.

ಹುಡುಗನ ಮನಸ್ಸು ಮಾತ್ರ ವಿಮಾನದ ಮೇಲಿತ್ತು. 1920ರಲ್ಲಿ, ಹದಿನಾರರ ಹರೆಯದಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಮೊದಲ ಹಾರಾಟದ ಪಾಠಕ್ಕೆ ಸೇರಿದರು. ಅದನ್ನು ನಡೆಸುತ್ತಿದ್ದವರು ಪ್ರಸಿದ್ಧ ನಟ ಚಾರ್ಲಿ ಚಾಪ್ಲಿನ್‌ರ ಅಣ್ಣ ಸಿಡ್ನಿ ಚಾಪ್ಲಿನ್. ಒಂದು ಪಾಠಕ್ಕೆ 50 ಡಾಲರ್. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ವಿಮಾನ ಆಕಾಶದಲ್ಲಿ ಲಾಗ ಹಾಕಿತು, ಸುತ್ತಿತು, ಕಟ್ಟಡಗಳ ಮೇಲೆ ತಗ್ಗಾಗಿ ಹಾರಿತು. ಆದರೆ ನಿಯಂತ್ರಣ ಕೋಲನ್ನು ಮುಟ್ಟುವ ಅವಕಾಶವೇ ಎಡ್ವಿನ್‌ಗೆ ಸಿಗಲಿಲ್ಲ. ಇಷ್ಟು ಹಣ ಕೊಟ್ಟು, ಇಷ್ಟು ಅಪಾಯಕ್ಕೆ ಒಡ್ಡಿಕೊಂಡು, ಕಲಿತದ್ದು ಮಾತ್ರ ಏನೂ ಇಲ್ಲ. ಇದಕ್ಕಿಂತ ಒಳ್ಳೆಯ ದಾರಿ ಇರಲೇಬೇಕು ಎಂಬ ಯೋಚನೆ ಅವರ ತಲೆ ಹೊಕ್ಕಿತು.

ತಿದಿಗಳ ಮೇಲೆ ಕುಳಿತ ವಿಮಾನ

1927ರಿಂದ 1929ರವರೆಗೆ ಸುಮಾರು 18 ತಿಂಗಳು ಲಿಂಕ್ ಅವರು ತಂದೆಯ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಕೆಲಸ ಮಾಡಿದರು. ಅಲ್ಲಿ ಸಿದ್ಧವಾದದ್ದು ಆಟಿಕೆಯಂತೆ ಕಾಣುವ ಒಂದು ಪುಟ್ಟ ವಿಮಾನ. ಮೋಟು ರೆಕ್ಕೆ, ಮೋಟು ಬಾಲ. ಒಳಗೆ ಒಬ್ಬರು ಕೂರುವಷ್ಟು ಜಾಗ. ಅದು ಎಂದೂ ನೆಲ ಬಿಟ್ಟು ಏಳುವಂಥದ್ದಲ್ಲ.

ಅದು ಕೆಲಸ ಮಾಡುತ್ತಿದ್ದ ಬಗೆ ನೋಡಿ. ವಿಮಾನದ ಒಡಲು ಎಲ್ಲ ಕಡೆಗೂ ಓಲಾಡಬಲ್ಲ ಒಂದು ಕೀಲಿನ ಮೇಲೆ ನಿಂತಿತ್ತು. ಕೆಳಗೆ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಒಂದೊಂದು ತಿದಿ. ವಿದ್ಯುತ್ತಿನಿಂದ ನಡೆಯುವ ಪಂಪು ಗಾಳಿಯನ್ನು ಹೀರುತ್ತಿತ್ತು. ಕಲಿಯುವವನು ನಿಯಂತ್ರಣ ಕೋಲನ್ನು ಮುಂದಕ್ಕೆ ತಳ್ಳಿದರೆ ಒಂದು ಕವಾಟ ತೆರೆದು, ಮುಂದಿನ ತಿದಿಯ ಗಾಳಿ ಹೊರಹೋಗುತ್ತಿತ್ತು. ತಿದಿ ಕುಗ್ಗಿದಾಗ ವಿಮಾನದ ಮೂತಿ ಕೆಳಕ್ಕೆ ಬಾಗುತ್ತಿತ್ತು. ಕೋಲನ್ನು ಎಡಕ್ಕೆ ವಾಲಿಸಿದರೆ ವಿಮಾನವೂ ಎಡಕ್ಕೆ ವಾಲುತ್ತಿತ್ತು. ಕಾಲಿನ ಹಲಗೆಗಳನ್ನು ಒತ್ತಿದರೆ ಇಡೀ ವಿಮಾನ ಬುಗುರಿಯಂತೆ ಸುತ್ತ ತಿರುಗುತ್ತಿತ್ತು.

1929ರಲ್ಲಿ ಲಿಂಕ್ ಅವರು ಇದರ ಪೇಟೆಂಟಿಗೆ ಅರ್ಜಿ ಹಾಕಿದರು. ಆದರೆ ಕೊಳ್ಳುವವರು ಯಾರು? ವಿಮಾನ ಶಾಲೆಗಳು ಹೆಚ್ಚು ಆಸಕ್ತಿ ತೋರಲಿಲ್ಲ. ನಮ್ಮ ಜಾತ್ರೆಯ ತೊಟ್ಟಿಲಿನಂತೆ, ದುಡ್ಡು ಹಾಕಿ ಕೂತು ನಲಿಯುವ ಆಟವಾಗಿ ಅದು ಮನರಂಜನೆಯ ಪಾರ್ಕುಗಳನ್ನು ಸೇರಿತು. ಲಿಂಕ್ ಎದೆಗುಂದಲಿಲ್ಲ. 1930ರಲ್ಲಿ ತಾವೇ ಒಂದು ಹಾರಾಟದ ಶಾಲೆ ತೆರೆದು, ತಮ್ಮ ಯಂತ್ರದ ಮೇಲೆ ಪಾಠ ಹೇಳತೊಡಗಿದರು. 1931ರಲ್ಲಿ ಪತ್ರಕರ್ತೆ ಮೇರಿಯನ್ ಕ್ಲೇಟನ್ ಅವರನ್ನು ಮದುವೆಯಾದರು. ಮೇರಿಯನ್ ಮುಂದೆ ಅವರ ಎಲ್ಲ ಸಾಹಸಗಳಲ್ಲಿ ಜೊತೆಯಾದರು.

ಮೋಡದೊಳಗೆ ಕಿವಿ ಹೇಳುವ ಸುಳ್ಳು

ಈಗ ಒಂದು ಸಣ್ಣ ಪ್ರಯೋಗ ಮಾಡಿ. ಶಾಲೆಯ ಮೈದಾನದಲ್ಲಿ ಕಲ್ಲು ಮುಳ್ಳು ಇಲ್ಲದ ಜಾಗದಲ್ಲಿ ಕಣ್ಣು ಮುಚ್ಚಿ ನಿಂತುಕೊಳ್ಳಿ. ನಿಮ್ಮನ್ನು ಹಿಡಿದುಕೊಳ್ಳಲು ಇಬ್ಬರು ಗೆಳೆಯರು ಪಕ್ಕದಲ್ಲೇ ಇರಲಿ. ನಿಂತಲ್ಲೇ ಎಂಟು ಹತ್ತು ಸುತ್ತು ತಿರುಗಿ ತಟ್ಟನೆ ನಿಲ್ಲಿ. ನೀವು ನಿಂತಿದ್ದರೂ ಇನ್ನೂ ತಿರುಗುತ್ತಿರುವಂತೆ ಅನಿಸುತ್ತದೆ, ಅಲ್ಲವೇ?

ಇದಕ್ಕೆ ಕಾರಣ ನಮ್ಮ ಒಳಕಿವಿ. ಅಲ್ಲಿ ಅರ್ಧಚಂದ್ರಾಕಾರದ ಮೂರು ನಾಳಗಳಿವೆ, ಅವುಗಳ ತುಂಬ ದ್ರವ. ತಲೆ ತಿರುಗಿದಾಗ ನಾಳವೂ ತಿರುಗುತ್ತದೆ, ಆದರೆ ದ್ರವ ಸ್ವಲ್ಪ ಹಿಂದೆ ಉಳಿಯುತ್ತದೆ. ಆಗ ಅಲ್ಲಿರುವ ಸೂಕ್ಷ್ಮ ರೋಮಗಳು ಬಾಗಿ, ತಲೆ ತಿರುಗುತ್ತಿದೆ ಎಂಬ ಸುದ್ದಿಯನ್ನು ಮಿದುಳಿಗೆ ಕಳುಹಿಸುತ್ತವೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೂಡಿ ತಿರುಗತೊಡಗುತ್ತದೆ. ಆಗ ತಿರುಗುತ್ತಿದ್ದರೂ ತಿಳಿಯುವುದಿಲ್ಲ. ನೀವು ನಿಂತ ಮೇಲೂ ದ್ರವ ಸ್ವಲ್ಪ ಹೊತ್ತು ಸುತ್ತುತ್ತಲೇ ಇರುತ್ತದೆ. ಆಗ ಕಿವಿ ಸುಳ್ಳು ಸುದ್ದಿ ಕೊಡುತ್ತದೆ.

ನೆಲದ ಮೇಲೆ ನಮ್ಮ ಕಣ್ಣು ಈ ಸುಳ್ಳನ್ನು ತಿದ್ದುತ್ತದೆ. ಆದರೆ ದಟ್ಟ ಮೋಡದೊಳಗೆ ಹೊಕ್ಕ ವಿಮಾನದ ಪೈಲಟ್‌ಗೆ ನೆಲವೂ ಕಾಣದು, ದಿಗಂತವೂ ಕಾಣದು. ವಿಮಾನ ವಾಲಿಕೊಂಡು ಸುತ್ತುತ್ತಾ ಕೆಳಗಿಳಿಯುತ್ತಿದ್ದರೂ ನೇರವಾಗಿ ಹೋಗುತ್ತಿದ್ದೇನೆ ಎಂದೇ ಅವನು ನಂಬಬಹುದು. ಪಾರಾಗಲು ಇರುವ ದಾರಿ ಒಂದೇ. ದೇಹ ಏನೇ ಹೇಳಲಿ, ಮುಂದಿರುವ ಉಪಕರಣಗಳನ್ನು ನಂಬಬೇಕು. ಎತ್ತರ, ವೇಗ, ದಿಕ್ಕು, ವಾಲಿಕೆ ಎಲ್ಲವನ್ನೂ ಅವು ತೋರಿಸುತ್ತವೆ. ಆದರೆ ಸ್ವಂತ ದೇಹವನ್ನು ನಂಬದಿರುವುದು ಸುಲಭವಲ್ಲ. ಅದಕ್ಕೆ ಬಹಳ ಅಭ್ಯಾಸ ಬೇಕು. ಲಿಂಕ್ ಅವರು ತಮ್ಮ ಯಂತ್ರಕ್ಕೆ ಈ ಉಪಕರಣಗಳನ್ನು ಜೋಡಿಸಿ, ಮೇಲೆ ಮುಚ್ಚಳವನ್ನೂ ಇಟ್ಟರು. ಮುಚ್ಚಳ ಮುಚ್ಚಿದರೆ ಹೊರಗಿನದೇನೂ ಕಾಣದು, ಥೇಟ್ ಮೋಡದೊಳಗೆ ಹೊಕ್ಕಂತೆ!

1934ರ ಆ ಚಳಿಗಾಲ

1934ರ ಫೆಬ್ರವರಿಯಲ್ಲಿ ಅಮೆರಿಕದ ಸರ್ಕಾರ ವಿಮಾನದ ಮೂಲಕ ಅಂಚೆ ಸಾಗಿಸುವ ಕೆಲಸವನ್ನು ಖಾಸಗಿ ಕಂಪನಿಗಳಿಂದ ತೆಗೆದು ಸೇನೆಯ ವಿಮಾನ ದಳಕ್ಕೆ ವಹಿಸಿತು. ಅಂಚೆ ಬಿಸಿಲು ಬರಲೆಂದು ಕಾಯುವಂತಿಲ್ಲ. ಹಿಮ, ಮಂಜು, ಕತ್ತಲೆ ಏನೇ ಇದ್ದರೂ ಹಾರಬೇಕು. ಸೇನೆಯ ಪೈಲಟ್‌ಗಳು ಧೈರ್ಯವಂತರೇ. ಆದರೆ ಉಪಕರಣ ನೋಡಿ ಹಾರುವ ಅಭ್ಯಾಸ ಅವರಿಗೆ ಸಾಲದಾಗಿತ್ತು. ಕೆಲವೇ ವಾರಗಳಲ್ಲಿ ಸುಮಾರು ಒಂದು ಡಜನ್ ಪೈಲಟ್‌ಗಳು ಅಪಘಾತಗಳಲ್ಲಿ ಸತ್ತರು. ದೇಶವೇ ಕಳವಳಗೊಂಡಿತು.

ಆಗ ಸೇನೆಗೆ ಲಿಂಕ್‌ರ ಯಂತ್ರದ ನೆನಪಾಯಿತು. ಅಧಿಕಾರಿಗಳು ಅವರನ್ನು ಭೇಟಿಯಾಗಲು ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಕಾದಿದ್ದರು. ಅಂದು ದಟ್ಟವಾದ ಮಂಜು. ಇಂಥ ಹವೆಯಲ್ಲಿ ಯಾರೂ ಹಾರಿ ಬರಲಾರರು ಎಂದುಕೊಂಡು ಅವರು ಹೊರಡಲು ಅಣಿಯಾಗಿದ್ದರು. ಅಷ್ಟರಲ್ಲಿ ಮಂಜಿನೊಳಗಿಂದ ಎಂಜಿನ್ ಸದ್ದು ಕೇಳಿತು. ಲಿಂಕ್ ಅವರು ಉಪಕರಣಗಳನ್ನಷ್ಟೇ ನಂಬಿ ಬಿಂಗ್‌ಹ್ಯಾಂಟನ್‌ನಿಂದ ಹಾರಿ ಬಂದು ಕ್ಷೇಮವಾಗಿ ಇಳಿದರು! ಅಧಿಕಾರಿಗಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಸೇನೆ ತಲಾ 3,500 ಡಾಲರಿನಂತೆ ಆರು ಯಂತ್ರಗಳನ್ನು ಕೊಂಡಿತು.

ಮೇಜಿನ ಹಿಂದಿನ ಗುರು

ಯಂತ್ರ ಬಂದರೆ ಸಾಕೇ? ಕಲಿಸಲು ಗುರು ಬೇಡವೇ? ಲಿಂಕ್ ಯಂತ್ರದ ಪಕ್ಕದಲ್ಲೊಂದು ಮೇಜು. ಅದರ ಮುಂದೆ ಬೋಧಕರು ಕೂರುತ್ತಿದ್ದರು. ಒಳಗಿರುವ ಉಪಕರಣಗಳಂಥವೇ ಅವರ ಮುಂದೆಯೂ ಇದ್ದವು. ಕಿವಿಗೆ ಹೆಡ್‌ಫೋನ್, ಬಾಯಿಯ ಬಳಿ ಮೈಕ್. ನಿಲ್ದಾಣದಿಂದ ಬರುವಂಥ ರೇಡಿಯೊ ಸಂಕೇತಗಳನ್ನು ಅವರೇ ಕಳುಹಿಸುತ್ತಿದ್ದರು. ಬೇಕೆಂದಾಗ ಗಾಳಿಯ ಹೊಡೆತವನ್ನು ಹುಟ್ಟಿಸಿ ವಿಮಾನವನ್ನು ಕುಲುಕಿಸುತ್ತಿದ್ದರು.

ಮೇಜಿನ ಮೇಲೆ ಒಂದು ನಕ್ಷೆ. ಅದರ ಮೇಲೆ ಮೂರು ಚಕ್ರದ ಪುಟ್ಟ ಗಾಡಿಯೊಂದು ಏಡಿಯಂತೆ ಮೆಲ್ಲಗೆ ಹರಿದಾಡುತ್ತಿತ್ತು. ಅದಕ್ಕೆ ಏಡಿ ಎಂದೇ ಹೆಸರು. ಅದರ ಒಂದು ಚಕ್ರಕ್ಕೆ ಶಾಯಿ. ಒಳಗಿರುವವನು ಹೇಗೆ ಹಾರಿದನೋ ಅದೇ ದಾರಿಯನ್ನು ಅದು ನಕ್ಷೆಯ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಪಾಠ ಮುಗಿದ ಮೇಲೆ ಗುರು ಶಿಷ್ಯರಿಬ್ಬರೂ ಆ ಗೆರೆಯನ್ನು ನೋಡುತ್ತಿದ್ದರು. ಎಲ್ಲಿ ದಾರಿ ತಪ್ಪಿತು, ಯಾವ ಉಪಕರಣವನ್ನು ನೋಡಲು ಮರೆತದ್ದಾಯಿತು ಎಲ್ಲವೂ ತಿಳಿಯುತ್ತಿತ್ತು. ನಿಜವಾದ ಆಕಾಶದಲ್ಲಾಗಿದ್ದರೆ ಗುಡ್ಡಕ್ಕೆ ಅಪ್ಪಳಿಸಬೇಕಿದ್ದ ಶಿಷ್ಯ ಇಲ್ಲಿ ಮುಚ್ಚಳ ತೆರೆದು ನಾಚುತ್ತಾ ಇಳಿಯುತ್ತಿದ್ದ. ಮರುದಿನ ಮತ್ತೆ ಅಭ್ಯಾಸ!

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಥ 10,000ಕ್ಕೂ ಹೆಚ್ಚು ಯಂತ್ರಗಳು ತಯಾರಾದವು. ನೀಲಿ ಬಣ್ಣದ್ದಾದ್ದರಿಂದ ಅವಕ್ಕೆ ನೀಲಿ ಪೆಟ್ಟಿಗೆ ಎಂಬ ಅಡ್ಡಹೆಸರು ಬಂತು. ಅಮೆರಿಕ ಮತ್ತು ಮಿತ್ರ ರಾಷ್ಟ್ರಗಳ 5 ಲಕ್ಷಕ್ಕೂ ಹೆಚ್ಚು ಮಂದಿ ಇವುಗಳಲ್ಲಿ ಕಲಿತರು. ಅಮೆರಿಕದ ನೌಕಾಪಡೆಯಲ್ಲಿ ಮಹಿಳೆಯರೂ ಈ ಯಂತ್ರದ ಬೋಧಕರಾದರು. ಯುದ್ಧಕ್ಕೆ ಹೊರಡುವ ಎಷ್ಟೋ ಪೈಲಟ್‌ಗಳಿಗೆ ಮೋಡದಲ್ಲಿ ಹಾರುವುದನ್ನು ಕಲಿಸಿದವರು ಈ ಶಿಕ್ಷಕಿಯರೇ.

ಆಕಾಶದಿಂದ ಸಮುದ್ರದಾಳಕ್ಕೆ

1950ರ ದಶಕದಲ್ಲಿ ಲಿಂಕ್ ತಮ್ಮ ಕಂಪನಿಯನ್ನು ಬೇರೆಯವರಿಗೆ ಮಾರಿ ಸಮುದ್ರದತ್ತ ಹೊರಳಿದರು. 1962ರಲ್ಲಿ ಅವರು ರೂಪಿಸಿದ ಲೋಹದ ಕೊಳವೆಯಂಥ ಕೋಣೆಯಲ್ಲಿ ರಾಬರ್ಟ್ ಸ್ಟೆನುಯಿ ಎಂಬ ಮುಳುಗುಗಾರ ಮೆಡಿಟರೇನಿಯನ್ ಸಮುದ್ರದಲ್ಲಿ 200 ಅಡಿ ಆಳದಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ಇದ್ದರು. 1971ರಲ್ಲಿ ಲಿಂಕ್ ವಿನ್ಯಾಸದ ‘ಜಾನ್ಸನ್ ಸೀ ಲಿಂಕ್’ ಎಂಬ ಪುಟ್ಟ ಜಲಾಂತರ್ಗಾಮಿ ನೀರಿಗಿಳಿಯಿತು.

ಎರಡೇ ವರ್ಷದಲ್ಲಿ ದೊಡ್ಡ ದುಃಖ ಕಾದಿತ್ತು. 1973ರ ಜೂನ್‌ನಲ್ಲಿ ಫ್ಲಾರಿಡಾದ ಬಳಿ ಆ ಜಲಾಂತರ್ಗಾಮಿ ಮುಳುಗಿದ ಹಡಗೊಂದರ ಅವಶೇಷದಲ್ಲಿ ಸಿಕ್ಕಿಕೊಂಡಿತು. ಒಳಗೆ ನಾಲ್ವರಿದ್ದರು. ಒಂದು ದಿನಕ್ಕೂ ಹೆಚ್ಚು ಹೊತ್ತು ಅದನ್ನು ಬಿಡಿಸಲಾಗಲಿಲ್ಲ. ಹಿಂದಿನ ಕೋಣೆಯ ಲೋಹದ ಗೋಡೆಗಳು ತಣ್ಣಗಾದವು. ಉಸಿರಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಹೀರುವ ರಾಸಾಯನಿಕ ಆ ಚಳಿಯಲ್ಲಿ ಸರಿಯಾಗಿ ಕೆಲಸ ಮಾಡಲಿಲ್ಲ. ಆ ಕೋಣೆಯಲ್ಲಿದ್ದ ಇಬ್ಬರೂ ಸತ್ತರು. ಅವರಲ್ಲಿ ಒಬ್ಬ ಲಿಂಕ್‌ರ ಮಗ ಕ್ಲೇಟನ್.

ಲಿಂಕ್‌ಗೆ ಆಗ 68 ವರ್ಷ. ಅವರು ಕೈಕಟ್ಟಿ ಕೂರಲಿಲ್ಲ. ಇಂಥ ಸಾವು ಮತ್ತೆ ಯಾರಿಗೂ ಬರಬಾರದೆಂದು, ಸಿಕ್ಕಿಕೊಂಡ ಜಲಾಂತರ್ಗಾಮಿಯನ್ನು ಬಿಡಿಸಬಲ್ಲ, ಮನುಷ್ಯರಿಲ್ಲದೆ ನೀರೊಳಗೆ ಇಳಿಯುವ ಯಂತ್ರವೊಂದನ್ನು ರೂಪಿಸಲು ಸುಮಾರು ಎರಡು ವರ್ಷ ದುಡಿದರು. 1981ರ ಸೆಪ್ಟೆಂಬರ್ 7ರಂದು ಬಿಂಗ್‌ಹ್ಯಾಂಟನ್‌ನಲ್ಲಿ ತೀರಿಕೊಂಡರು.

ಅವರ ದಾರಿಯಲ್ಲಿ

ತಿದಿಯ ಜಾಗಕ್ಕೆ ಮುಂದೆ ಕಂಪ್ಯೂಟರ್ ಬಂದಿತು, ಪರದೆಯ ಮೇಲೆ ಓಡುದಾರಿಯೂ ಮೋಡವೂ ಮೂಡಿದವು. ಇಂಥ ಯಂತ್ರವನ್ನು ಇಂದು ಸಿಮ್ಯುಲೇಟರ್ ಎನ್ನುತ್ತಾರೆ. ಲಿಂಕ್ ಕಟ್ಟಿದ ಕಂಪನಿ ತಯಾರಿಸಿದ ಸಿಮ್ಯುಲೇಟರ್‌ಗಳಲ್ಲಿ ಅಪೊಲೊ ಗಗನಯಾನಿಗಳು ಚಂದ್ರಯಾನದ ಅಭ್ಯಾಸ ಮಾಡಿದರು. ನಮ್ಮ ಬೆಂಗಳೂರಿನಲ್ಲಿಯೂ 2010ರಲ್ಲಿ ಹೆಲಿಕಾಪ್ಟರ್ ಪೈಲಟ್‌ಗಳಿಗಾಗಿ ಸಿಮ್ಯುಲೇಟರ್ ತರಬೇತಿ ಕೇಂದ್ರವೊಂದು ಆರಂಭವಾಯಿತು.

ಮಕ್ಕಳೇ, ಮುಂದಿನ ಸಲ ವಿಮಾನವೊಂದು ಮೋಡದೊಳಗೆ ಮರೆಯಾಗುವುದನ್ನು ಕಂಡರೆ ಅದರ ಪೈಲಟ್‌ನನ್ನು ನೆನೆಯಿರಿ. ಅವರು ನೆಲದ ಮೇಲೆ ಎಷ್ಟೋ ಸಲ ದಾರಿ ತಪ್ಪಿ, ತಿದ್ದಿಕೊಂಡು, ಆಮೇಲೆಯೇ ಮೇಲೇರಿದ್ದಾರೆ.

ಯೋಚಿಸಿ, ಉತ್ತರಿಸಿ

1. ತಿದಿಯ ಗಾಳಿ ಹೊರಹೋದಾಗ ಲಿಂಕ್ ವಿಮಾನ ಏಕೆ ವಾಲುತ್ತಿತ್ತು?
2. ಮೋಡದೊಳಗೆ ಪೈಲಟ್ ತನ್ನ ಕಿವಿಯನ್ನು ಏಕೆ ನಂಬಬಾರದು?
3. ಶಾಯಿಯ ಗೆರೆ ಬೋಧಕರಿಗೆ ಹೇಗೆ ನೆರವಾಗುತ್ತಿತ್ತು?